ನೆತ್ತಿಯ ಸರದಿ

ಚಳಿ ಹಿಂದೆಗೆದು ಬಿಸಿಲು ಇನ್ನೂ ಬಲಿಯದ ದಿನಗಳು. ಜೌಗಿನ ನೀರು ಇಳಿದು ಜೊಂಡಿನ ಕೊಯ್ಲು ಮುಗಿದಿತ್ತು. ಕಂತೆಗಳನ್ನು ಚರ್ಚಿನ ಮಣ್ಣುಗೋಡೆಗೆ ಒರಗಿಸಿ ಒಣಗಿಸಿದ್ದರು. ಇಬ್ಬನಿ ಆರುತ್ತಿದ್ದಂತೆ ಸೂರಿಗೆ ಏಣಿ ಹಾಕಿ ಗಂಡಸರು ಮೇಲೆ ಹತ್ತಿದರು. ಹಳೆಯ ಜೊಂಡನ್ನು ಕಿತ್ತು ಕೆಳಗೆ ತಳ್ಳುವುದು ಅವರ ಕೆಲಸ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಅದನ್ನು ಎಳೆದು ರಾಶಿ ಹಾಕುವುದು ಹೆಂಗಸರ ಕೆಲಸ. ಕಪ್ಪು ಧೂಳು, ಇಲಿಗೂಡು, ಹಕ್ಕಿಪುಕ್ಕ ಎಲ್ಲ ಒಟ್ಟಿಗೆ ಬೀಳುತ್ತಿತ್ತು. ಹೊತ್ತೇರುವ ಮೊದಲೇ ಎಲ್ಲರ ಮುಖವೂ ಒಲೆಯೊಳಗಿಂದ ಎದ್ದು ಬಂದವರ ಹಾಗಾಗಿತ್ತು.

ಸೂರಕ್ಕ ಏಣಿಯ ಬುಡದಲ್ಲಿ ಕೂತು ಹುರಿಯನ್ನು ನೀರಲ್ಲಿ ನೆನೆಸುತ್ತಿದ್ದಳು. ಐವತ್ತು ದಾಟಿದ ಹೆಂಗಸು. ತೆಳ್ಳಗೆ, ಉದ್ದಕ್ಕೆ, ಗಂಡಸಿನಂಥ ಅಂಗೈ. ಸುತ್ತಲಿನ ಊರುಗಳಲ್ಲಿ ದನದ ಕೊಟ್ಟಿಗೆಗೆ, ತೋಟದ ಗುಡಿಸಲಿಗೆ ಜೊಂಡು ಹೊದಿಸಿ ಬದುಕಿದವಳು. ಈ ಚರ್ಚಿನ ಚಾವಣಿಯನ್ನು ಮುಟ್ಟುತ್ತಿರುವುದು ಮಾತ್ರ ಇದೇ ಮೊದಲು.

"ಸೂರಕ್ಕಾ, ತಲೆ ನೋಡ್ಕೋ, ಇಲಿ ಬಿತ್ತು," ಎಂದು ಮೇಲಿಂದ ಒಬ್ಬ ಕೂಗಿದ.

"ಇಲಿ ಬಿದ್ರೆ ಬೀಳಲಿ ಬಿಡಪ್ಪ. ಅದಕ್ಕೆ ನಾಲ್ಕು ಕಾಲಿದೆ. ನೀನು ಬೀಳದೇ ಇದ್ರೆ ಸಾಕು."

ಹೆಂಗಸರು ಬಟ್ಟೆಯೊಳಗೇ ನಕ್ಕರು. ಧೂಳು ತಾಗದಷ್ಟು ದೂರದಲ್ಲಿ, ಮರದ ಕೆಳಗೆ ಎರಡು ಕುರ್ಚಿ ಹಾಕಿಕೊಂಡು ಸಭೆಯ ಹಿರಿಯನೂ ಪಾದ್ರಿಯೂ ಕೂತಿದ್ದರು. ಪಾದ್ರಿ ಹೊಸಬ, ಬಂದು ವರ್ಷ ತುಂಬಿರಲಿಲ್ಲ. ಚರ್ಚಿಗೆ ನೂರು ವರ್ಷ ಆಗುವುದರಿಂದ ಅದರ ಚರಿತ್ರೆ ಬರೆದು, ಹೊಸ ಚಾವಣಿಯ ಕೆಳಗೆ ನಡೆಯುವ ಮೊದಲ ಆರಾಧನೆಯಲ್ಲಿ ಓದಿಸಿ, ಆಮೇಲೆ ಅದರ ಮುಖ್ಯ ಮಾತುಗಳನ್ನು ಬಾಗಿಲ ಪಕ್ಕ ನಿಲ್ಲಿಸುವ ಕಲ್ಲಿನಲ್ಲಿ ಕೆತ್ತಿಸಬೇಕೆಂದು ನಿಶ್ಚಯವಾಗಿತ್ತು. ಹಿರಿಯ ಹೇಳುತ್ತಿದ್ದ, ಪಾದ್ರಿ ಬರೆದುಕೊಳ್ಳುತ್ತಿದ್ದ.

ಹಿರಿಯ ಸೂರಕ್ಕನ ಮನೆಗೆ ಬಂದದ್ದು ಕೊಯ್ಲು ಶುರುವಾಗುವ ಮೊದಲು. ಅಷ್ಟು ವರ್ಷಗಳಲ್ಲಿ ಅವನು ಆ ಅಂಗಳಕ್ಕೆ ಕಾಲಿಟ್ಟಿದ್ದೂ ಅದೇ ಮೊದಲು.

"ಚಾವಣಿ ನೆತ್ತಿ ಕಟ್ಟೋರು ಈಗ ಯಾರೂ ಉಳಿದಿಲ್ಲ, ತಂಗಿ. ಇಳಿಜಾರು ಹೇಗೋ ಹೊದಿಸ್ಕೋತಾರೆ. ನೆತ್ತಿಗೆ ನೀನೇ ಬರಬೇಕು," ಎಂದಿದ್ದ.

ಅವಳು ಗರಗಸಕ್ಕೆ ಎಣ್ಣೆ ಸವರುತ್ತಿದ್ದವಳು ತಲೆ ಎತ್ತಿರಲಿಲ್ಲ. "ಬರ್ತೀನಿ. ಕೂಲಿ ಬೇಡ. ಚರಿತ್ರೆ ಬರೆಸ್ತಿದ್ದೀರಂತಲ್ಲ ಅಣ್ಣ, ಅದರಲ್ಲಿ ಒಂದು ಮಾತು ಬರಬೇಕು."

"ಯಾವ ಮಾತು?" ಹಿರಿಯ ಗೊತ್ತಿದ್ದೂ ಕೇಳಿದ್ದ.

"ತೊಲೆ ಬಿದ್ದದ್ದು ನಮ್ಮಪ್ಪನ ಪಾಲಿನಿಂದ ಅಲ್ಲ, ನೆತ್ತಿಯಿಂದ ಅಂತ."

ಹಿರಿಯ ಸ್ವಲ್ಪ ಹೊತ್ತು ಚಪ್ಪಲಿಯ ತುದಿಯಿಂದ ಮಣ್ಣು ಕೆರೆದ. "ನೋಡೋಣ," ಎಂದ. ಅಂಗಳ ದಾಟುವಾಗ ತಿರುಗಿ, "ಬರೆಸೋಣ," ಎಂದ. ಅವಳು ಎರಡನೆಯ ಮಾತನ್ನು ಹಿಡಿದುಕೊಂಡಳು.

ಆ ಚರ್ಚಿನ ರೀತಿಯೇ ಬೇರೆ. ಜೌಗಿನ ದಂಡೆಗೆ ಜೊಂಡು ಕೊಯ್ಯಲು ಬಂದು ಅಲ್ಲೇ ನೆಲೆನಿಂತ ಕೆಲವು ಮನೆಯವರು ತಮ್ಮ ಕೈಯಾರೆ ಮಣ್ಣು ತುಳಿದು ಎಬ್ಬಿಸಿದ ಗೋಡೆಗಳು ಅವು. ಕಲ್ಲಿಲ್ಲ, ಹೆಂಚಿಲ್ಲ, ಗೋಪುರವಿಲ್ಲ. ಗಂಟೆ ಕೂಡ ಹೊರಗೆ ಎರಡು ಕಂಬಗಳ ನಡುವೆ ತೂಗುತ್ತಿತ್ತು. ಚಾವಣಿಯನ್ನು ಮನೆಗೊಂದರಂತೆ ಪಾಲು ಮಾಡಿಕೊಂಡಿದ್ದರು. ಯಾವ ಮನೆ ಯಾವ ಪಾಲನ್ನು ಹೊದಿಸುತ್ತದೋ ಆ ಮನೆಯವರು ಒಳಗೆ ಅದೇ ಪಾಲಿನ ಕೆಳಗಿನ ಬೆಂಚಿನಲ್ಲಿ ಕೂರಬೇಕು. ನಿಮ್ಮ ಪಾಲು ಸೋರಿದರೆ ನಿಮ್ಮ ತಲೆಯೇ ನೆನೆಯುತ್ತದೆ. ಹೀಗಾಗಿ ಯಾರೂ ಯಾರ ಕೆಲಸವನ್ನೂ ಪರೀಕ್ಷೆ ಮಾಡುವ ಅಗತ್ಯವಿರಲಿಲ್ಲ. ಮೊದಲ ಮಳೆಯ ಭಾನುವಾರ ಪ್ರಸಂಗಕ್ಕಿಂತ ಹೆಚ್ಚು ಗಮನ ಮೇಲಕ್ಕಿರುತ್ತಿತ್ತು. ಯಾರ ಮೂಗಿನ ಮೇಲೆ ಹನಿ ಬಿತ್ತೆಂದು ಮಕ್ಕಳು ಕತ್ತು ತಿರುಗಿಸಿ ನೋಡುತ್ತಿದ್ದರು.

ನೆತ್ತಿ ಮಾತ್ರ ಯಾರ ಪಾಲೂ ಅಲ್ಲ. ಎರಡು ಇಳಿಜಾರುಗಳು ಕೂಡುವ ಆ ಉದ್ದದ ಗೆರೆಯನ್ನು ಕಟ್ಟುವುದು ಸಭೆಯ ಹಿರಿಯನ ಮರ್ಯಾದೆ. ಈಗಿನ ಹಿರಿಯನ ಅಪ್ಪನನ್ನು ಎಲ್ಲರೂ ದೊಡ್ಡಯ್ಯ ಎನ್ನುತ್ತಿದ್ದರು. ಜೋರು ದನಿಯ, ದೊಡ್ಡ ಮನಸ್ಸಿನ ಮನುಷ್ಯ. ಊರಿನಲ್ಲಿ ಅವನ ಮನೆಯ ಅನ್ನ ಉಣ್ಣದವರಿಲ್ಲ. ವಯಸ್ಸಾದಂತೆ ಅವನ ಕಣ್ಣಿಗೆ ಪೊರೆ ಬಂತು. ಆದರೂ ಚಾವಣಿಯ ಕಾಲ ಬಂದರೆ ಏಣಿ ಹತ್ತುವುದು ಬಿಡಲಿಲ್ಲ. ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಅವನು ಕೈಯಿಂದ ತಡವಿ ತಡವಿ ಕಂತೆ ಕೂರಿಸುತ್ತಿದ್ದ. ಕಟ್ಟು ಸಡಿಲ ಬೀಳುತ್ತಿತ್ತು. ಆಗ ಊರು ಒಂದು ಉಪಾಯ ಮಾಡಿಕೊಂಡಿತು. ಸಂಜೆ ದೊಡ್ಡಯ್ಯ ಇಳಿದು ಮನೆಗೆ ಹೋದ ಮೇಲೆ, ಮಾರನೆಯ ಬೆಳಗ್ಗೆ ಅವನು ಬರುವ ಮೊದಲು, ಒಬ್ಬರು ಹತ್ತಿ ಅವನ ಕಟ್ಟು ಬಿಚ್ಚಿ ಬಿಗಿಯಾಗಿ ಮತ್ತೆ ಕಟ್ಟಬೇಕು. ನೆತ್ತಿಯ ಕೆಲಸ ಬಲ್ಲವರು ಇಬ್ಬರೇ: ಸೂರಕ್ಕನ ಅಪ್ಪ ಮತ್ತು ಗಂಟೆ ಹೊಡೆಯುವವನು. ಅಕ್ಕಪಕ್ಕದ ಪಾಲಿನವರು, ಜೀವದ ಗೆಳೆಯರು. ಒಂದು ಸಲ ಇವನು, ಇನ್ನೊಂದು ಸಲ ಅವನು ಎಂದು ಸರದಿ ಮಾಡಿಕೊಂಡಿದ್ದರು. ಬೆಳಗ್ಗೆ ದೊಡ್ಡಯ್ಯ ಬಂದು ಕಟ್ಟಿನ ಮೇಲೆ ಕೈಯಾಡಿಸಿ, "ನೋಡ್ರೋ, ಕಣ್ಣು ಹೋದ್ರೂ ಕೈ ಹೋಗಿಲ್ಲ," ಎನ್ನುತ್ತಿದ್ದ. ಕೆಳಗಿದ್ದವರು ತಲೆ ಬಗ್ಗಿಸಿ ನಗು ನುಂಗುತ್ತಿದ್ದರು.

ಒಂದು ಸಲ ಮಾತ್ರ ಆ ಕಟ್ಟನ್ನು ಯಾರೂ ಬಿಚ್ಚಿ ಕಟ್ಟಲಿಲ್ಲ. ಅದು ತಿಳಿದದ್ದು ಎರಡು ಮಳೆಗಾಲ ಕಳೆದ ಮೇಲೆ. ನೆತ್ತಿಯಿಂದ ಇಳಿದ ನೀರು ಜೊಂಡಿನೊಳಗೇ ಹರಿದು ತೊಲೆಯನ್ನು ತಿಂದಿತ್ತು. ಒಂದು ಭಾನುವಾರ, ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ, ತೊಲೆ ಮುರಿದು ಗಂಟೆಯವನ ಹೆಂಡತಿಯ ಬೆನ್ನ ಮೇಲೆ ಬಿತ್ತು. ಮದುವೆಯಾಗಿ ಬಂದು ಮೂರು ವರ್ಷವಾಗಿತ್ತು. ಸಂಜೆಯವರೆಗೆ ಉಸಿರಾಡುತ್ತಿದ್ದಳು.

ತೊಲೆ ಮುರಿದ ಜಾಗ ಸೂರಕ್ಕನ ಅಪ್ಪನ ಪಾಲಿನ ಅಂಚು. ಸಭೆ ಕೂಡಿತು. ಪಾಲು ಸೋರಿದೆ ಎಂದರು. ಯಾರೂ ನೆತ್ತಿಯ ಮಾತೆತ್ತಲಿಲ್ಲ. ಎತ್ತಿದ್ದರೆ ದೊಡ್ಡಯ್ಯ ಅಲ್ಲೇ ಕೂತಿದ್ದ. ಅಪ್ಪನೂ ಎತ್ತಲಿಲ್ಲ. ಅವನ ಕೈಯಿಂದ ಪಾಲು ತೆಗೆದರು. ಹೊರಗೆ ಹೋಗೆಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ: ಪಾಲಿಲ್ಲದವರಿಗೆ ಬೆಂಚಿಲ್ಲ. ಮುಂದಿನ ಭಾನುವಾರದಿಂದ ಅಪ್ಪ, ಅಮ್ಮ ಮತ್ತು ಎಂಟು ವರ್ಷದ ಮಗಳು ಸೂರಿನ ಕೆಳಗಿನ ಮಣ್ಣಿನ ಕಟ್ಟೆಯ ಮೇಲೆ ಕೂತು, ತೆರೆದ ಕಿಟಕಿಯಿಂದ ಪ್ರಸಂಗ ಕೇಳಿದರು. ಮಳೆ ಬಂದಾಗ ಸೂರಿನ ನೀರು ಮೊಣಕಾಲಿಗೆ ಸಿಡಿಯುತ್ತಿತ್ತು. ಸೂರಿನ ಹುಡುಗಿ ಎಂದು ಅಂಟಿದ ಹೆಸರು ಹೆಂಗಸಾದರೂ ಬಿಡಲಿಲ್ಲ, ಸೂರಕ್ಕ ಎಂದಾಯಿತು.

ಅಮ್ಮ ಆ ಕಟ್ಟೆಯ ತಂಡಿಯಲ್ಲೇ ಕೆಮ್ಮು ಹತ್ತಿಸಿಕೊಂಡಳು. ಸಾಯುವ ಮೊದಲು ಮಗಳಿಗೆ ಹೇಳಿದಳು: ತಪ್ಪು ನೆತ್ತಿಯದು, ದೊಡ್ಡಯ್ಯನ ಮಗ ಮನೆಗೇ ಬಂದು ಅಪ್ಪನ ಕೈ ಹಿಡಿದು, ನಮ್ಮಪ್ಪ ಇರೋವರೆಗೆ ಸುಮ್ಮನಿರು, ಅವರು ಕಣ್ಣು ಮುಚ್ಚಿದ ಮೇಲೆ ನಾನೇ ಸಭೇಲಿ ಎದ್ದು ಹೇಳ್ತೀನಿ ಎಂದು ಮಾತು ಕೊಟ್ಟಿದ್ದಾನೆ. ದೊಡ್ಡಯ್ಯ ಅಷ್ಟರಲ್ಲಾಗಲೇ ಕಣ್ಣು ಮುಚ್ಚಿದ್ದ. ಮಗ ಹಿರಿಯನಾಗಿದ್ದ. ಸಭೆಯಲ್ಲಿ ಏನೇನಕ್ಕೋ ಎದ್ದು ನಿಲ್ಲುತ್ತಿದ್ದ, ಇದಕ್ಕೆ ನಿಲ್ಲಲಿಲ್ಲ. ಅಪ್ಪ ಕೊನೆಯವರೆಗೂ ಅದೇ ಕಟ್ಟೆಯ ಮೇಲೆ ಕೂತು ಹೋದ.

ಇಳಿಜಾರುಗಳ ಕೆಲಸ ಮುಗಿಯುತ್ತ ಬಂದ ದಿನ ಸೂರಕ್ಕ ಮರದ ಕೆಳಗೆ ಹೋದಳು. ಪಾದ್ರಿ ಎದ್ದು ತನ್ನ ಕುರ್ಚಿ ಕೊಡಲು ಹೋದ.

"ಬೇಡ ಅಯ್ಯನವರೇ, ಕುರ್ಚಿ ಮಸಿ ಆಗುತ್ತೆ. ಬರೆದಾಯ್ತಾ ಕೇಳೋಣ ಅಂತ ಬಂದೆ."

ಪಾದ್ರಿ ಹಿರಿಯನ ಮುಖ ನೋಡಿದ. ಹಿರಿಯ ಅವನನ್ನು ಏನೋ ನೆಪ ಹೇಳಿ ಒಳಗೆ ಕಳಿಸಿ, ದನಿ ತಗ್ಗಿಸಿದ.

"ಬರೆಸೋಕೆ ನನ್ನದೇನು ಹೋಗುತ್ತೆ, ತಂಗಿ? ಅಪ್ಪ ಸತ್ತು ಎಷ್ಟು ಕಾಲ ಆಯ್ತು. ಆದ್ರೆ ಗಂಟೆ ಮುದುಕ ಇದ್ದಾನಲ್ಲ. ಹೆಂಡ್ತಿ ಕಳ್ಕೊಂಡೋನು. ನಿಮ್ಮಪ್ಪನ್ನ ಬೈದು ಬೈದೇ ಇಷ್ಟು ವರ್ಷ ಜೀವ ಹಿಡ್ಕೊಂಡಿದ್ದಾನೆ. ಈಗ ಹೋಗಿ, ನೀನು ಬೈದಿದ್ದು ತಪ್ಪು ಮನುಷ್ಯನ್ನ ಅಂದ್ರೆ ಆ ಜೀವ ನಿಲ್ಲುತ್ತಾ? ಅವನ ಕಾಲ ಒಂದು ಮುಗೀಲಿ."

"ನಿಮ್ಮಪ್ಪನ ಕಾಲ ಮುಗೀಲಿ ಅಂತ ಒಂದ್ಸಲ ಕಾದ್ವಿ. ಈಗ ಇವರದು. ಆಮೇಲೆ ನಿಮ್ಮದು. ಹೀಗೆ ಎಲ್ಲರದೂ ಮುಗಿಯೋ ಹೊತ್ತಿಗೆ ನಾನಿರ್ತೀನಾ ಅಣ್ಣ?"

"ಒಳ್ಳೆ ಮಾತಾಡು."

"ಅವರೇ ಬರೀರಿ ಅಂದ್ರೆ?"

"ಅವನೇ ಅಂದ್ರೆ ನನ್ನ ಅಡ್ಡಿ ಇಲ್ಲ." ಮುದುಕ ಅನ್ನುವುದಿಲ್ಲ ಎಂಬ ನಂಬಿಕೆ ಆ ಮಾತಿನಲ್ಲಿತ್ತು.

ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದಳು. ಗಂಡ ಬಡಗಿ, ಪರವೂರಿನವನು, ಮದುವೆಯಾಗಿ ಇಲ್ಲಿಗೆ ಬಂದವನು, ಭಾನುವಾರವೂ ಉಳಿ ಬಿಟ್ಟು ಏಳದವನು.

"ಒಂದು ಮಾತಿಗೋಸ್ಕರ ಇಷ್ಟು ಓಡಾಟನಾ?" ಎಂದ. "ನಿಮ್ಮಪ್ಪ ಈಗ ಇರೋ ಕಡೆ ಬೆಂಚು ಸಿಕ್ಕಿರುತ್ತೆ ಬಿಡೇ."

"ಅಲ್ಲೂ ಈ ಊರಿನೋರೇ ಮೊದಲು ಹೋಗಿ ಕೂತಿದ್ದಾರಲ್ಲ. ಅದೇ ಅನುಮಾನ."

ಅವನು ನಕ್ಕ. ಆಮೇಲೆ ನಗು ಬಿಟ್ಟು, "ಆ ಮುದುಕ ನಿನ್ನ ಕಂಡ್ರೆ ಉಗೀತಾನೆ, ಗೊತ್ತಲ್ಲ," ಎಂದ.

"ಉಗುಳು ಒರೆಸ್ಕೊಂಡ್ರೆ ಹೋಗುತ್ತೆ ರೀ. ಕಲ್ಲಲ್ಲಿ ಕೆತ್ತಿದ್ದು ಹೋಗಲ್ಲ."

ಮಾರನೆಯ ದಿನ ಅವಳು ನೆತ್ತಿ ಹತ್ತಿದಳು. ಹೊಸ ಜೊಂಡಿನ ಮೇಲೆ ಅಂಗಾತ ಮಲಗಿದ ಹಾಗಿನ ಏಣಿ, ಅದರ ತುದಿಯಲ್ಲಿ ಅವಳು. ಬಾಗಿದ ಕಂತೆಯನ್ನು ಎರಡೂ ಕಡೆಗೆ ಕಾಲು ಬಿಟ್ಟಂತೆ ಕೂರಿಸಿ, ದಬ್ಬಣದಿಂದ ಹುರಿ ಹಾಯಿಸಿ, ಮೊಣಕಾಲಿಂದ ಒತ್ತಿ ಕಟ್ಟಬೇಕು. ಅಪ್ಪ ಈ ಕೆಲಸವನ್ನು ಅವಳಿಗೆ ಕಲಿಸಿದ್ದು ತಮ್ಮ ಮನೆಯ ಹಿಂದಿನ ಕೋಳಿಗೂಡಿನ ಮೇಲೆ. ಕೋಳಿಗಳಿಗೆ ಅಷ್ಟು ಒಳ್ಳೆಯ ಚಾವಣಿ ಸುತ್ತ ಎಲ್ಲೂ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕೆಳಗಿಳಿದಳು. ಗಂಟೆಯ ಕಂಬದ ಪಕ್ಕದ ಇಳಿಮಾಡಿನಲ್ಲಿ ಮುದುಕ ಒಬ್ಬನೇ ಕೂತು, ಮರದ ಬಾಚಣಿಗೆಯಿಂದ ಜೊಂಡಿನ ಸಿಪ್ಪೆ ಬಾಚುತ್ತಿದ್ದ. ಎಪ್ಪತ್ತು ದಾಟಿದ ದೇಹ ಬಾಗಿತ್ತು. ಗಂಟೆಯ ಹಗ್ಗ ಎಳೆದೆಳೆದು ಒಂದು ಭುಜ ಇನ್ನೊಂದಕ್ಕಿಂತ ಕೆಳಗಿತ್ತು. ಅವಳನ್ನು ನೋಡಿ ಪಕ್ಕಕ್ಕೆ ಉಗುಳಿದ. ಅಭ್ಯಾಸ.

"ಮಾವ," ಎಂದಳು. ಎಂಟು ವರ್ಷದವಳಿದ್ದಾಗ ಕರೆಯುತ್ತಿದ್ದ ಹಾಗೆ. ಆಮೇಲೆ ಕರೆದಿರಲಿಲ್ಲ.

ಮುದುಕನ ಬಾಚಣಿಗೆ ನಿಂತಿತು.

"ನಿಮಗೆ ಬೇಜಾರಾಗೋ ಮಾತು ಹೇಳ್ಬೇಕು. ಚರಿತ್ರೇಲಿ ಬರೆಸೋ ಮೊದಲು ನಿಮ್ಮ ಕಿವಿಗೆ ಬೀಳಲಿ ಅಂತ. ತೊಲೆ ಕೊಳೆತಿದ್ದು ನಮ್ಮ ಪಾಲಿನ ನೀರಿನಿಂದ ಅಲ್ಲ. ನೆತ್ತಿ—"

"ಗೊತ್ತು," ಎಂದ ಮುದುಕ.

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ನೆತ್ತಿ ಅಂತ ನಂಗೊತ್ತು."

"ಯಾರು ಹೇಳಿದ್ರು?"

"ಹೇಳೋದೇನು ಬಂತು. ಆ ಸಲ ಸರದಿ ನಂದು."

ಜೊಂಡಿನ ಸಿಪ್ಪೆ ಗಾಳಿಗೆ ಅವನ ಕಾಲಬುಡದಲ್ಲಿ ಸುತ್ತುತ್ತಿತ್ತು. ಸೂರಕ್ಕ ನಿಂತಲ್ಲೇ ಕುಕ್ಕುರುಗಾಲಲ್ಲಿ ಕೂತಳು. ಮುದುಕ ಅವಳ ಕಡೆ ನೋಡದೆ, ಬಾಚಣಿಗೆಯ ಹಲ್ಲುಗಳನ್ನು ಒಂದೊಂದಾಗಿ ಒರೆಸುತ್ತ ಹೇಳಿದ.

"ಹಿಂದಿನ ಸಂಜೆ ಮಳೆ ಬಂದಿತ್ತು. ಬೆಳಗ್ಗೆ ಏಣಿ ಎತ್ತೋಕೆ ಅಂತ ಹೊರಟೆ. ಅವಳು ಬಾಗಿಲಲ್ಲಿ ನಿಂತ್ಕೊಂಡ್ಲು. ಒದ್ದೆ ಏಣಿ, ಹತ್ತಬೇಡ, ನಿನ್ನ ಗೆಳೆಯ ಮಾಡ್ಕೋತಾನೆ ಬಿಡು ಅಂದ್ಲು. ಹೊಸದಾಗಿ ಬಂದೋಳು. ನಂಗೂ ಒಳಗೆ ಬೆಚ್ಚಗಿತ್ತು. ಅವನು ಮಾಡ್ಕೋತಾನೆ ಅಂತ ನಾನೂ ಬಿಟ್ಟೆ. ನಿಮ್ಮಪ್ಪ, ಸರದಿ ಅವನದಲ್ಲ, ಅವನ್ಯಾಕೆ ಬರ್ತಾನೆ?"

"ನಮ್ಮಪ್ಪನಿಗೆ ಇದು ಗೊತ್ತಿತ್ತು."

"ಸರದಿ ಗೊತ್ತಿಲ್ದೆ ಇರುತ್ತಾ? ಸಭೆ ಕೂಡಿದ ದಿನ ನನ್ನ ಕಡೆ ಒಂದ್ಸಲ ನೋಡಿದ. ಒಂದೇ ಸಲ. ಆಮೇಲೆ ತಲೆ ತಗ್ಗಿಸ್ದ. ಅವತ್ತು ಅವನು ಬಾಯಿ ಬಿಟ್ಟಿದ್ರೆ ನಾನು ಸೀದಾ ಜೌಗಿಗೆ ಹೋಗಿ ಬೀಳ್ತಿದ್ದೆ. ಅದೂ ಅವನಿಗೆ ಗೊತ್ತಿತ್ತು."

"ಮತ್ತೆ ಬೈದಿದ್ದು? ಉಗಿದಿದ್ದು? ನಮ್ಮಪ್ಪನ ಹೆಣ ಈ ದಾರೀಲಿ ಹೋಗೋವಾಗ ಬೆನ್ನು ತಿರುಗಿಸಿ ನಿಂತ್ರಲ್ಲ ಮಾವ?"

"ಬೈಬೇಕಿತ್ತು. ಬೈದೇ ಇದ್ರೆ ಜನ ಯಾಕೆ ಅಂತ ಕೇಳ್ತಿದ್ರು. ಮೊದಮೊದಲು ಜನಕ್ಕೋಸ್ಕರ ಬೈದೆ. ಬೈತಾ ಬೈತಾ ನಂಗೇ ನಿಜ ಅನ್ಸೋಕೆ ಶುರುವಾಯ್ತು. ದೊಡ್ಡಯ್ಯನ ಮೇಲೆ ಸಿಟ್ಟು ಮಾಡ್ಕೊಂಡು ಈ ಊರಲ್ಲಿ ಬದುಕೋಕಾಗ್ತಿತ್ತಾ? ನನ್ನ ಮೇಲೇ ಮಾಡ್ಕೊಂಡೂ ಬದುಕೋಕಾಗಲ್ಲ. ನಿಮ್ಮಪ್ಪನ ಮೇಲೆ ಆಗ್ತಿತ್ತು."

ಸೂರಕ್ಕನಿಗೆ ತಕ್ಷಣ ನೆನಪಾದದ್ದು ಅಪ್ಪನಲ್ಲ, ಅಮ್ಮ. ಕಟ್ಟೆಯ ಮೇಲೆ ಸೆರಗನ್ನು ಬಾಯಿಗೆ ಒತ್ತಿ, ಒಳಗಿನ ಪ್ರಾರ್ಥನೆಗೆ ತೊಂದರೆಯಾಗಬಾರದೆಂದು ಕೆಮ್ಮು ತಡೆದುಕೊಳ್ಳುತ್ತಿದ್ದ ಅಮ್ಮ. ಅವಳಿಗೆ ಸರದಿಯ ವಿಷಯ ತಿಳಿದಿರಲಿಲ್ಲ. ಗಂಡ ಅವಳಿಗೂ ಹೇಳಿರಲಿಲ್ಲ. ಗೆಳೆಯನೊಬ್ಬನ ಜೀವ ಉಳಿಸಲು ಅವನು ತನ್ನದನ್ನಷ್ಟೇ ಅಲ್ಲ, ಕೇಳದೆ ಇನ್ನಿಬ್ಬರದನ್ನೂ ಎತ್ತಿ ಕೊಟ್ಟಿದ್ದ.

"ನಿಮ್ಮ ಬೆಂಚು ಖಾಲಿ ಇತ್ತಲ್ಲ ಮಾವ," ಎಂದಳು. "ಇಡೀ ಬೆಂಚಿಗೆ ನೀವೊಬ್ರೇ. ಮಳೆ ಬಂದ ದಿನ ಅಮ್ಮನ್ನ ಒಂದ್ಸಲ ಒಳಗೆ ಕರೆದು ಕೂರಿಸಿಕೊಂಡಿದ್ರೆ ಯಾರೂ ಬೇಡ ಅಂತಿರಲಿಲ್ಲ. ನೀವು ಕರೆದಿದ್ರೆ ಊರೇ ಕರೆದ ಹಾಗೆ."

ಮುದುಕ ಬಾಚಣಿಗೆಯನ್ನು ಕೆಳಗಿಟ್ಟ. "ಭಾನುವಾರ ಓದ್ತಾರಲ್ಲ," ಎಂದ. "ಆ ಜಾಗ ಬಂದಾಗ ನಾನೇ ಎದ್ದು ಹೇಳ್ತೀನಿ. ನೆತ್ತಿ ಅಂತ. ಸರದಿ ನಂದು ಅಂತಾನೂ. ನನಗಿನ್ನೇನಿದೆ, ಮಗಳೇ."

ಆ 'ಮಗಳೇ' ಅವಳಿಗೆ ಹಿತವಾಗಲಿಲ್ಲ. ಎದ್ದು ಸೀರೆಗೆ ಅಂಟಿದ ಸಿಪ್ಪೆ ಕೊಡವಿ ಏಣಿಯ ಕಡೆ ನಡೆದಳು. ಹಿರಿಯ ದಾರಿಯಲ್ಲಿ ಎದುರಾಗಿ, ಏನಂದ ಎಂಬಂತೆ ಹುಬ್ಬು ಎತ್ತಿದ.

"ಭಾನುವಾರ ಅವರೇ ಹೇಳ್ತಾರಂತೆ. ನೀವು ಅಲ್ಲಿ ಜಾಗ ಬಿಟ್ಟಿರಿ, ಸಾಕು."

ಹಿರಿಯ ಇಳಿಮಾಡಿನ ಕಡೆ ಒಮ್ಮೆ ಕಣ್ಣು ಹಾಯಿಸಿದ. "ಆಗಲಿ," ಎಂದ.

ನೆತ್ತಿ ಅರ್ಧ ಆಗಿತ್ತು. ಮಿಕ್ಕರ್ಧವನ್ನು ಕಟ್ಟುವಾಗ ಅವಳ ಕೈ ಹಿಂದಿನಷ್ಟೇ ಬಿಗಿಯಾಗಿ ನಡೆಯಿತು, ಮನಸ್ಸು ಮಾತ್ರ ಎಲ್ಲೋ ಇತ್ತು. ಅಪ್ಪನ ಮೇಲೆ ಇಷ್ಟು ಸಿಟ್ಟು ತನಗೆ ಬರಬಹುದೆಂದು ಅವಳು ಎಣಿಸಿರಲಿಲ್ಲ. ಗಂಡನಿಗೆ ಎಲ್ಲವನ್ನೂ ಹೇಳಿದಾಗ ಅವನು ಉಳಿ ಕೆಳಗಿಟ್ಟು, ಈ ಸಲ ತಮಾಷೆ ಮಾಡದೆ ಕೇಳಿದ. ಕೊನೆಗೆ, "ನಿಮ್ಮಪ್ಪ ಒಬ್ರಿಗೆ ಉಪಕಾರ ಮಾಡಿದ್ರು, ಅದನ್ನ ತೆತ್ತೋರು ನೀವು," ಎಂದ. "ಭಾನುವಾರ ನಾನೂ ಬರ್ತೀನಿ."

"ನೀವಾ? ಚಾವಣಿ ಬಿದ್ದೀತು."

"ನೀನು ಕಟ್ಟಿರೋದಲ್ವಾ. ಬೀಳಲ್ಲ."

ಭಾನುವಾರ ಚರ್ಚಿನೊಳಗೆ ಹೊಸ ಜೊಂಡಿನ ಸಿಹಿವಾಸನೆ ತುಂಬಿತ್ತು. ಹಸಿಗೆಂಪು ಮಣ್ಣು ಸಾರಿಸಿದ ಗೋಡೆಗಳು ಇನ್ನೂ ತಂಪಾಗಿದ್ದವು. ಹಿರಿಯ ಸೂರಕ್ಕನನ್ನು ಬಾಗಿಲಲ್ಲೇ ಕಂಡು, ಎಲ್ಲರೂ ನೋಡುವಂತೆ ಕೈ ತೋರಿಸಿ, ಅವಳ ಅಪ್ಪನ ಹಳೆಯ ಪಾಲಿನ ಕೆಳಗಿನ ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿದ. ಗಂಡ ಪಕ್ಕದಲ್ಲಿ ಕೂತು, ಮೊದಲ ಸಲ ಬಂದವರ ಹಾಗೆ ಬೆಂಚಿನ ಕೀಲುಗಳನ್ನು ಮುಟ್ಟಿ ನೋಡಿದ. ನಡುವಿನ ಓಣಿಯಷ್ಟೇ ಅಂತರದಲ್ಲಿ ಗಂಟೆಯ ಮುದುಕ. ಒಗೆದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಸಾಕ್ಷಿ ಹೇಳಲು ಬಂದವನ ಹಾಗೇ ಇದ್ದ.

ಹಿರಿಯ ಚರಿತ್ರೆ ಓದಿದ. ಜೌಗಿನ ದಂಡೆಗೆ ಬಂದ ಮೊದಲ ಮನೆಗಳು, ಮಣ್ಣು ತುಳಿದ ಕಾಲುಗಳು, ಗಂಟೆಯನ್ನು ದೋಣಿಯಲ್ಲಿ ತಂದದ್ದು. ದೊಡ್ಡಯ್ಯನ ಬಗ್ಗೆ ಬಹಳ ಇತ್ತು. ಕಣ್ಣು ಮಂಜಾದ ಮೇಲೂ ನೆತ್ತಿಯನ್ನು ತನ್ನ ಕೈಯಿಂದಲೇ ಕಟ್ಟುತ್ತಿದ್ದ ಎಂಬುದೂ ಇತ್ತು. ಹಳಬರು ತಲೆದೂಗಿದರು. ಆಮೇಲೆ ಆ ಜಾಗ ಬಂತು. ಹಿರಿಯ ದನಿಯನ್ನು ಒಂದಿಷ್ಟು ಮೆತ್ತಗೆ ಮಾಡಿಕೊಂಡ.

"ಒಂದು ಮಳೆಗಾಲದಲ್ಲಿ ದೈವಚಿತ್ತದಿಂದ ಚಾವಣಿ ಕುಸಿದು ನಮ್ಮ ಸಹೋದರಿಯೊಬ್ಬರು ಕರ್ತನಲ್ಲಿ ನಿದ್ರೆಹೋದರು. ಆ ಪಾಲನ್ನು ಹೊದಿಸಿದ ಸಹೋದರನನ್ನು ಈ ಸಭೆಯು ಪೂರ್ಣಮನಸ್ಸಿನಿಂದ ಕ್ಷಮಿಸಿದೆ."

ಅವನು ಅಲ್ಲಿ ನಿಲ್ಲಿಸಿದ. ಒಪ್ಪಿಕೊಂಡಿದ್ದಂತೆ ಜಾಗ ಬಿಟ್ಟ. ಸೂರಕ್ಕ ಓಣಿಯ ಆಚೆ ನೋಡಿದಳು. ಮುದುಕ ಮುಂದಿನ ಬೆಂಚನ್ನು ಎರಡೂ ಕೈಯಿಂದ ಹಿಡಿದಿದ್ದ; ಏಳುವವನ ಹಾಗೆ ಬೆನ್ನು ಒಂದಿಷ್ಟು ಮುಂದೆ ಬಂತು. ಅಷ್ಟರಲ್ಲಿ ಯಾರೋ ಆಮೆನ್ ಎಂದರು. ಇನ್ನೊಬ್ಬರು ಎಂದರು. ಆಮೇಲೆ ಇಡೀ ಸಭೆ ಎಂದಿತು. ಮುದುಕನ ಬೆನ್ನು ಹಿಂದಕ್ಕೆ ಹೋಯಿತು. ಅವನ ತುಟಿಗಳೂ ಅಲುಗಾಡಿದವು. ಅವನೂ ಆಮೆನ್ ಎಂದಿದ್ದ.

ಹಿಂದಿನ ಬೆಂಚಿನ ಹೆಂಗಸೊಬ್ಬಳು ಸೂರಕ್ಕನ ಭುಜ ಒತ್ತಿ, "ಇವತ್ತು ನಿಮ್ಮಪ್ಪನ ಆತ್ಮಕ್ಕೆ ನೆಮ್ಮದಿ ಆಯ್ತು ನೋಡಕ್ಕ," ಎಂದು ಪಿಸುಗುಟ್ಟಿದಳು. ಅವಳ ಕಣ್ಣಲ್ಲಿ ನಿಜವಾದ ನೀರಿತ್ತು.

ಸೂರಕ್ಕ ಎದ್ದು ನಿಂತಳು.

"ಆ ಮಾತು ತೆಗೀರಿ ಅಣ್ಣ," ಎಂದಳು. ದನಿ ಜೋರಿರಲಿಲ್ಲ, ಆದರೆ ಮಣ್ಣುಗೋಡೆಯ ಆ ಸಣ್ಣ ಕೋಣೆಗೆ ಸಾಕಷ್ಟಿತ್ತು. "ನಮ್ಮಪ್ಪ ಯಾರ ಹತ್ರಾನೂ ಕ್ಷಮೆ ಕೇಳಿರಲಿಲ್ಲ. ಕೇಳೋ ಕೆಲಸ ಮಾಡಿರಲಿಲ್ಲ."

"ಆಯ್ತು ಕೂತ್ಕೋ ತಂಗಿ. ಸಂತೋಷದ ದಿನ."

"ಮಾಡಿದ್ದು ಯಾರು ಅಂತ ನಿಮಗೂ ಗೊತ್ತು. ಇಲ್ಲಿ ಇನ್ನೊಬ್ರಿಗೂ ಗೊತ್ತು. ಅವರು ಹೇಳ್ತಾರೆ ಅಂತ ಕಾದೆ."

ಸಭೆ ತಿರುಗಿ ತಿರುಗಿ ಯಾರು ಆ ಇನ್ನೊಬ್ಬರೆಂದು ಹುಡುಕಿತು. ಮುದುಕ ತನ್ನ ಕೈಗಳನ್ನೇ ನೋಡುತ್ತಿದ್ದ. ಅವಳು ಹೆಸರು ಹೇಳುವುದಕ್ಕೆ ಒಂದು ಉಸಿರು ಸಾಕಿತ್ತು. ಎಲ್ಲರೂ ಅದಕ್ಕಾಗಿ ಕಾಯುತ್ತಲೂ ಇದ್ದರು. ಅವಳ ನಾಲಿಗೆಯ ತುದಿಗೆ ಬಂದದ್ದು ಅಪ್ಪನ ಮೇಲಿನ ಸಿಟ್ಟೇ: ಅವನು ಹೇಳಬೇಕಾದಾಗ ಹೇಳಿದ್ದರೆ ಒಬ್ಬ ಗಂಡಸು ಸಾಯುತ್ತಿದ್ದ, ಈಗ ತಾನು ಹೇಳಿದರೆ ಒಬ್ಬ ಮುದುಕ ಅಳುತ್ತಾನೆ, ಜನ ಅವನ ಸುತ್ತ ಸೇರಿ ಸಮಾಧಾನ ಮಾಡುತ್ತಾರೆ, ಅಮ್ಮ ಅಂತ ಒಬ್ಬಳಿದ್ದಳು ಎಂಬುದು ಆಗಲೂ ಯಾರಿಗೂ ನೆನಪಾಗುವುದಿಲ್ಲ. ಪಾದ್ರಿ ಗಾಬರಿಯಾಗಿ ಕೀರ್ತನೆಯೊಂದನ್ನು ಎತ್ತಿಕೊಂಡ. ಜನ ಬದುಕಿದೆವೆಂಬಂತೆ ದನಿ ಕೂಡಿಸಿದರು. ಕೀರ್ತನೆ ನಡೆಯುತ್ತಿರುವಾಗಲೇ ಅವಳು ಹೊರಗೆ ಬಂದಳು. ಹಿಂದೆಯೇ ಗಂಡ.

ಆರಾಧನೆ ಮುಗಿದ ಮೇಲೆ ಹಿರಿಯ ಹುಡುಕಿಕೊಂಡು ಬಂದ. ಅವರು ಉಳಿದ ಹುರಿ, ದಬ್ಬಣ, ಕೊಡತಿಗಳನ್ನು ಕೈಗಾಡಿಗೆ ತುಂಬುತ್ತಿದ್ದರು.

"ಇನ್ನೇನು ಬೇಕಿತ್ತು ನಿನಗೆ? ದೈವಚಿತ್ತ ಅಂದ್ವಿ. ಕ್ಷಮಿಸಿದ್ವಿ ಅಂದ್ವಿ. ಬೆಂಚು ಕೊಟ್ವಿ. ಪಾದ್ರಿ ಮುಂದೆ ಮಾನ ಕಳೆದೆಯಲ್ಲ."

"ಕಲ್ಲಿನಲ್ಲೂ ಹಾಗೇ ಬರುತ್ತಾ?" ಬಡಗಿ ಕೇಳಿದ.

"ಕಲ್ಲಿನೋನಿಗೆ ಬರೆದು ಕೊಟ್ಟಾಯ್ತು. ಮೊನ್ನೆಯೇ."

ಮೊನ್ನೆ ಎಂದರೆ ಅವನು ದಾರಿಯಲ್ಲಿ ನಿಂತು ಆಗಲಿ ಎಂದ ದಿನ. ಸೂರಕ್ಕ ಅದನ್ನು ಲೆಕ್ಕ ಹಾಕಿದಳು, ಬಾಯಿಬಿಟ್ಟು ಹೇಳಲಿಲ್ಲ. ಹಿರಿಯ ಇನ್ನೂ ಏನೋ ಗೊಣಗುತ್ತ ಹೋದ.

ಜನ ಚದುರಿದ ಮೇಲೆ ಮುದುಕ ಬಂದ. ಗಾಡಿಯ ಮೂಕಿ ಹಿಡಿದು ನಿಂತ. ಮಾತು ಬರುವ ಮೊದಲು ಕಣ್ಣು ತುಂಬಿದವು.

"ಏಳೋಕೆ ನೋಡಿದೆ. ಕಾಲು ಬರಲಿಲ್ಲ. ಬರೋ ಭಾನುವಾರ ಹೇಳ್ತೀನಿ. ಕಲ್ಲು ನಿಲ್ಲಿಸೋ ಮೊದಲೇ ಹೇಳ್ತೀನಿ. ಪ್ರಮಾಣವಾಗ್ಲೂ."

ಬಡಗಿ ಹೆಂಡತಿಯ ಮುಖ ನೋಡಿದ. ಇನ್ನೊಂದು ವಾರ ತಾನೇ ಎನ್ನುವ ಹಾಗಿತ್ತು ಅವನ ನೋಟ.

"ಬೇಡ ಮಾವ," ಎಂದಳು ಸೂರಕ್ಕ.

"ಹೇಳ್ತೀನಿ ಮಗಳೇ, ಈ ಸಲ ನಿಜವಾಗ್ಲೂ—"

"ಹೇಳ್ಬೇಡಿ ಅಂದೆ. ಹೇಳಿದ್ರೆ ನಿಮಗೆ ಹಗುರ ಆಗುತ್ತೆ. ಊರೆಲ್ಲ ನಿಮ್ಮನ್ನ ಕ್ಷಮಿಸುತ್ತೆ, ಕ್ಷಮಿಸೋದು ಊರಿಗೆ ಚೆನ್ನಾಗಿ ಬರುತ್ತೆ. ನಾನೂ ಕ್ಷಮಿಸಬೇಕಾಗುತ್ತೆ, ಎಲ್ಲರ ಮುಂದೆ. ನನಗಿಷ್ಟ ಇಲ್ಲ."

"ಮತ್ತೆ ನಾನೇನು ಮಾಡ್ಲಿ?"

"ಏನೂ ಮಾಡ್ಬೇಡಿ. ಕಲ್ಲಲ್ಲಿ ಏನಾದ್ರೂ ಇರಲಿ. ನೀವು ಕೊಡಬೇಕಾಗಿರೋದು ನಮ್ಮಮ್ಮನ ಬಾಕಿ. ತೀರಿಸೋಕೆ ಬರಬೇಡಿ, ಇಟ್ಕೊಂಡಿರಿ."

ಮುದುಕ ಮೂಕಿಯಿಂದ ಕೈ ತೆಗೆಯಲಿಲ್ಲ. ಅವಳೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒರಟಾಗಿಯೂ ಅಲ್ಲ, ಮೆತ್ತಗೂ ಅಲ್ಲ. ಗಾಡಿ ಹೊರಟಿತು. ಗಂಡ ಮುಂದೆ ನಿಂತು ಎಳೆದ. ಹಳ್ಳ ದಾಟುವಾಗ, ಹಿಂದೆ ಬಂದು ತಳ್ಳು ಎಂದ. ಅವಳು ಹಿಂದೆ ಹೋಗಿ ತಳ್ಳಿದಳು.